999, 911, 112: ತುರ್ತು ಕರೆಯ ಅಂಕಿಗಳು ಹುಟ್ಟಿದ್ದು ಹೇಗೆ?

1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನ ಒಂದು ಮನೆಗೆ ಬೆಂಕಿ ಬಿತ್ತು. ನೆರೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ನೋಡಿದರು. ಕರೆಗಳನ್ನು ಜೋಡಿಸಿಕೊಡುವ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಯಾರೂ ಎತ್ತಲಿಲ್ಲ. ಯಾವುದು ಮಾಮೂಲಿ ಕರೆ, ಯಾವುದು ಜೀವ ಉಳಿಸುವ ಕರೆ ಅಂತ ಆಪರೇಟರಿಗೆ ತಿಳಿಯುವ ದಾರಿಯೇ ಆಗ ಇರಲಿಲ್ಲ. ಐದು ಮಂದಿ ಹೆಂಗಸರು ಸತ್ತರು. ನೆರೆಯವರು ಸಿಟ್ಟಿನಿಂದ ಪತ್ರಿಕೆಗೆ ಬರೆದರು, ವಿಚಾರಣೆ ನಡೆಯಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಶುರುವಾಯಿತು. ಆ ನಂಬರಿಗೆ ಕರೆ ಬಂದರೆ ಎಕ್ಸ್‌ಚೇಂಜ್‌ನಲ್ಲಿ ಬಜರ್ ಕೂಗಿ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು.

ಒಂಬತ್ತೇ ಯಾಕೆ? ಉತ್ತರ ತಿರುಗಿಸುವ ಡಯಲ್‌ನಲ್ಲಿದೆ. ಆ ಡಯಲ್‌ನಲ್ಲಿ 1 ಅಂದರೆ ತಂತಿಯಲ್ಲಿ ಒಂದೇ ಮಿಡಿತ. ತಂತಿಗಳು ಸುಮ್ನೆ ಒಂದಕ್ಕೊಂದು ತಾಗಿದರೂ 111 ಒತ್ತಿದಂತಾಗುತ್ತಿತ್ತು. ಸೊನ್ನೆ ಆಗಲೇ ಆಪರೇಟರಿಗೆ ಹೋಗಿತ್ತು. ಅದರ ಪಕ್ಕದಲ್ಲೇ ಇರುವ 9ನ್ನು ಹೊಗೆಯಲ್ಲೂ ಕತ್ತಲಲ್ಲೂ ಬೆರಳಿನಿಂದ ತಡವಿ ಹುಡುಕಬಹುದು.

ನ್ಯೂಜಿಲೆಂಡ್ 1958ರಲ್ಲಿ 111 ತಂದಿತು. ಇದೇನು, ಬೇಡ ಅಂದಿದ್ದ ನಂಬರೇ ಅಲ್ವಾ? ಆದರೆ ಅಲ್ಲಿನ ಡಯಲ್‌ನಲ್ಲಿ ಅಂಕಿಗಳು ತಿರುಗುಮುರುಗು. 1 ತಿರುಗಿಸಿದರೆ ಒಂಬತ್ತು ಮಿಡಿತ ಹೋಗುತ್ತಿತ್ತು. ಎಕ್ಸ್‌ಚೇಂಜ್‌ನ ಯಂತ್ರಕ್ಕೆ ಅದು 999 ಆಗಿಯೇ ತಲುಪುತ್ತಿತ್ತು. ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಅಮೆರಿಕ ತಡ ಮಾಡಿತು. 1967ರಲ್ಲಿ ಅಧ್ಯಕ್ಷರ ಆಯೋಗವೊಂದು ದೇಶಕ್ಕೆಲ್ಲ ಒಂದೇ ನಂಬರ್ ಬೇಕು ಅಂದಿತು. 1968ರ ಫೆಬ್ರವರಿ 16ರಂದು ಅಲಬಾಮಾದ ಹೇಲಿವಿಲ್ ಎಂಬ ಚಿಕ್ಕ ಊರಿನಲ್ಲಿ 911ರ ಮೊದಲ ಕರೆ ಹೋಯಿತು. ಯುರೋಪಿನಲ್ಲಿ ಗಡಿ ದಾಟಿದರೆ ನಂಬರ್ ಬದಲು. ಆ ಗೊಂದಲ ತಪ್ಪಿಸಲು 1991ರಲ್ಲಿ 112 ಎಲ್ಲರಿಗೂ ಒಂದೇ ನಂಬರ್ ಆಯಿತು. ಜಪಾನ್, ಚೀನಾಗಳಲ್ಲಿ ಇವತ್ತಿಗೂ ಪೊಲೀಸರಿಗೆ 110, ಬೆಂಕಿಗೆ 119.

ಪ್ರಪಂಚಕ್ಕೆಲ್ಲ ಒಂದೇ ನಂಬರ್ ಇನ್ನೂ ಬಂದಿಲ್ಲ. ಜನರ ಬಾಯಲ್ಲಿ ನಿಂತ ನಂಬರನ್ನು ಬದಲಿಸುವುದು ಅಪಾಯದ ಕೆಲಸ, ಅದನ್ನು ಒಪ್ಪಲೇಬೇಕು. ಮೊಬೈಲ್ ಈ ಅಂತರವನ್ನು ಸ್ವಲ್ಪ ತುಂಬಿದೆ. 112 ಒತ್ತಿದರೆ ಬಹಳಷ್ಟು ದೇಶಗಳಲ್ಲಿ ಕರೆ ಅಲ್ಲಿನ ತುರ್ತು ಸೇವೆಗೇ ಹೋಗುತ್ತದೆ.

ಆದರೆ ಮೊಬೈಲ್‌ನಿಂದ ಹೊಸ ತೊಡಕೂ ಬಂತು. ಮನೆಯ ಫೋನಿಗೆ ವಿಳಾಸ ಇತ್ತು, ಮೊಬೈಲಿಗೆ ಇಲ್ಲ. ಗಾಯಗೊಂಡವರಿಗೆ ತಾವು ಎಲ್ಲಿದ್ದೇವೆ ಅಂತ ಹೇಳಲೂ ಆಗದಿರಬಹುದು. ಹಾಗಾಗಿ 2014ರಲ್ಲಿ ಬ್ರಿಟನ್ನಿನಲ್ಲಿ ಹೊಸ ಏರ್ಪಾಡು ಬಂತು: ತುರ್ತು ಕರೆ ಮಾಡಿದ ಕೂಡಲೇ ಫೋನೇ ತಾನಿರುವ ಜಾಗವನ್ನು ಹುಡುಕಿ ಕಳಿಸುತ್ತದೆ. ಈಗ ಇನ್ನೂ ಹಲವು ದೇಶಗಳಲ್ಲಿ ಇದು ಬಳಕೆಯಲ್ಲಿದೆ. ಉಳಿದ ಕಡೆಗೂ ಇದು ಬೇಗ ಬರಬೇಕು.