ತಲೆಗೆ ಪೆಟ್ಟಾದರೆ ಮಂಗಳೂರಿಗೇ ಯಾಕೆ? ನ್ಯೂರೋಸರ್ಜನ್ ಕೆಲಸ ಬದಲಾದ ಬಗೆ

ನಮ್ಮ ಕಾಸರಗೋಡಿನ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಬೈಕ್ ಬಿದ್ದು ತಲೆಗೆ ಪೆಟ್ಟಾದರೆ ಸುತ್ತ ನಿಂತವರ ಬಾಯಲ್ಲಿ ಒಂದೇ ಮಾತು: "ಮಂಗಳೂರಿಗೆ ಕೊಂಡೋಗಿ." ಮನೆಯ ಹಿರಿಯರ ಬಾಯಿ ಒಂದು ಕಡೆ ವಾಲಿ ಕೈ ಬಿದ್ದುಹೋದರೂ ಅದೇ ಮಾತು. ಅಲ್ಲಿಗೆ ಮುಟ್ಟಿದ ಮೇಲೆ ಗೊಂದಲ ಶುರು. ಒಬ್ಬರಿಗೆ ತಲೆಬುರುಡೆ ತೆರೆಯುತ್ತಾರೆ. ಇನ್ನೊಬ್ಬರಿಗೆ ತೊಡೆಯಿಂದ ತೆಳ್ಳಗಿನ ಕೊಳವೆ ತೂರಿಸುತ್ತಾರೆ. ಮತ್ತೊಬ್ಬರಿಗೆ "ಆಪರೇಷನ್ ಬೇಡ, ಕಾದು ನೋಡುವ" ಅನ್ನುತ್ತಾರೆ. ಸೊಂಟ ನೋವಿನವರೂ ಅದೇ ಡಾಕ್ಟ್ರ ಬಾಗಿಲಲ್ಲಿ ಕೂತಿರುತ್ತಾರೆ. ಹಾಗಾದ್ರೆ ಈ ನ್ಯೂರೋಸರ್ಜನ್, ಅಂದರೆ ಮಿದುಳು, ಬೆನ್ನುಹುರಿಯ ಸರ್ಜನ್, ಮಾಡುವ ಕೆಲಸ ಯಾವುದು?

ನಮ್ಮ ದೇಶದಲ್ಲಿ ಈ ವಿಭಾಗ ಶುರುವಾದದ್ದು 1949ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಕೆನಡಾದಲ್ಲಿ ಕಲಿತು ಬಂದ ಡಾ. ಜೇಕಬ್ ಚಾಂಡಿ ಶುರು ಮಾಡಿದರು. ಮರುವರ್ಷ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ. ಆಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಕಚೇರಿಗಳು ಬದಲಾದವು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ.

ಆ ಕಾಲದ ನ್ಯೂರೋಸರ್ಜನ್ ಕತ್ತಲ ಕೋಣೆಯಲ್ಲಿ ಸೂಜಿ ಹುಡುಕುವವರ ಹಾಗೆ. ಗೆಡ್ಡೆ ಎಲ್ಲಿದೆ ಎಂದು ತಿಳಿಯಲು ಮಿದುಳಿನ ಸುತ್ತಲಿನ ನೀರು ತೆಗೆದು, ಗಾಳಿ ತುಂಬಿಸಿ ಎಕ್ಸ್‌ರೇ ಮಾಡಬೇಕಿತ್ತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಗೆ ಸಿಟಿ ಸ್ಕ್ಯಾನ್ ಆಯಿತು. ಅದರ ಆಸುಪಾಸಿನಲ್ಲೇ ಮೈಕ್ರೋಸ್ಕೋಪ್, ಆಮೇಲೆ ಎಂಆರ್‌ಐ. ಎಲ್ಲಿ ಕೈ ಹಾಕಬೇಕು ಎಂಬುದರ ಜತೆಗೆ ಎಲ್ಲಿ ಹಾಕಬಾರದು ಎಂಬುದೂ ಕಾಣತೊಡಗಿತು.

ದೊಡ್ಡ ತಿರುವು ಬಂದದ್ದು ಆಮೇಲೆ. ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಒಡೆದರೆ, ಬುರುಡೆ ತೆರೆದು ಕ್ಲಿಪ್ ಹಾಕುವುದು ಹಳೆಯ ಕ್ರಮ. 1990ರ ಹೊತ್ತಿಗೆ ತೊಡೆಯ ರಕ್ತನಾಳದ ಮೂಲಕ ಹೋಗಿ, ಆ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ಉಪಾಯ ಬಂತು. 2002ರಲ್ಲಿ ಎರಡನ್ನೂ ಹೋಲಿಸಿದ 2,143 ರೋಗಿಗಳ ಅಧ್ಯಯನ ಹೊರಬಂತು. ಒಂದು ವರ್ಷದ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಸುರುಳಿ ಗುಂಪಿನಲ್ಲಿ 24. ಎರಡೂ ವಿಧಾನ ಹೊಂದುವಂಥ ರೋಗಿಗಳ ಲೆಕ್ಕ ಇದು. ಕ್ಲಿಪ್ ಇವತ್ತಿಗೂ ಬೇಕಾಗುತ್ತದೆ. ಆದರೆ ಸರ್ಜನ್ನರ ಕೈಯಲ್ಲೇ ಇದ್ದ ಕೆಲಸಕ್ಕೆ ರೇಡಿಯಾಲಜಿಯವರೂ ಬಂದರು. ಕೆಲವು ಸರ್ಜನ್ನರು ತಾವೇ ಕೊಳವೆ ಹಿಡಿಯಲು ಕಲಿತರು.

2015ರಲ್ಲಿ ಸ್ಟ್ರೋಕಿನಲ್ಲೂ (ಪಾರ್ಶ್ವವಾಯು) ಇದೇ ಆಯಿತು. ದೊಡ್ಡ ರಕ್ತನಾಳಕ್ಕೆ ಅಡ್ಡ ಕೂತ ಹೆಪ್ಪನ್ನು ಕೊಳವೆಯಿಂದ ಎಳೆದು ತೆಗೆದರೆ ಲಾಭವಿದೆ ಎಂದು ಒಂದರ ಹಿಂದೆ ಒಂದು ಅಧ್ಯಯನ ತೋರಿಸಿತು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗಾದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು. ಅದಕ್ಕೂ ಮೊದಲು ಒಳಗೆ ರಕ್ತಸ್ರಾವ ಇಲ್ಲ ಎಂದು ಸ್ಕ್ಯಾನ್ ಹೇಳಬೇಕು. ಮುಳ್ಳೇರಿಯದ ಒಳಗಿನ ಹಳ್ಳಿಯಿಂದ ಹೊರಟವರಿಗೆ ಈ ನಾಲ್ಕೂವರೆ ಗಂಟೆ ಎಷ್ಟು ಬೇಗ ಕರಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಬದಲಾವಣೆ ಸ್ಕ್ಯಾನಿನಲ್ಲಿ ಕಾಣುವಂಥದ್ದಲ್ಲ. ಅಪಘಾತದಲ್ಲಿ ಮಿದುಳು ಊದಿಕೊಂಡು ಒತ್ತಡ ಇಳಿಯದಿದ್ದಾಗ, ಬುರುಡೆಯ ಒಂದು ಭಾಗ ತೆಗೆದಿಟ್ಟು ಜಾಗ ಮಾಡಿಕೊಡುವ ಆಪರೇಷನ್ ಇದೆ. 2016ರ ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಆರು ತಿಂಗಳ ಹೊತ್ತಿಗೆ ಸತ್ತವರು ಔಷಧಿಯ ಗುಂಪಿನಲ್ಲಿ ನೂರಕ್ಕೆ 49, ಆಪರೇಷನ್ ಆದವರಲ್ಲಿ 27. ಆದರೆ ಉಸಿರಿದ್ದೂ ಅರಿವಿಲ್ಲದೆ ಉಳಿದವರು ಔಷಧಿಯ ಗುಂಪಿನಲ್ಲಿ ನೂರಕ್ಕೆ 2, ಆಪರೇಷನ್ ಆದವರಲ್ಲಿ 8ಕ್ಕೂ ಮೇಲೆ. ಅಂದರೆ ಜೀವ ಉಳಿಯುತ್ತದೆ, ಯಾವ ಸ್ಥಿತಿಯಲ್ಲಿ ಎಂಬ ಭರವಸೆ ಇಲ್ಲ. ಈಗ ಸರ್ಜನ್ ಕೈ ತೊಳೆಯುವ ಮೊದಲು ಇದನ್ನು ಮನೆಯವರ ಎದುರು ಬಿಡಿಸಿ ಹೇಳಬೇಕು. ಅದೂ ರಾತ್ರಿ ಎರಡು ಗಂಟೆಗೆ, ತುಳುವಿನಲ್ಲೋ ಮಲಯಾಳದಲ್ಲೋ ಕನ್ನಡದಲ್ಲೋ. ನನಗೆ ಕೇಳಿದರೆ ಇದು ಆಪರೇಷನ್ನಿಗಿಂತ ಕಷ್ಟದ ಕೆಲಸ. ಇದಕ್ಕೆ ಪ್ಯಾಕೇಜ್ ದರ ಯಾರೂ ಬರೆದಿಲ್ಲ, ಅಲ್ವಾ?

2020ರ ಮಾರ್ಚಿನಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಆಂಬುಲೆನ್ಸ್‌ಗಳು ವಾಪಸ್ ಬಂದವು, ದಾರಿ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲಿನಲ್ಲಿ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಯಿತು. ಮಂಗಳೂರು ಪಕ್ಕದಲ್ಲೇ ಇದೆಯಲ್ಲ ಎಂಬ ಧೈರ್ಯದ ಮೇಲೆ ಅರವತ್ತು ವರ್ಷ ನಡೆದದ್ದು ಕೆಲವೇ ದಿನಗಳಲ್ಲಿ ಬಯಲಾಯಿತು.

ಕಾಸರಗೋಡಿನದ್ದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದರ ಕಟ್ಟಡ ಮೊದಲು ಬಳಕೆಗೆ ಬಂದದ್ದು 2020ರ ಏಪ್ರಿಲಿನಲ್ಲಿ, ಕೊರೋನಾ ಆಸ್ಪತ್ರೆಯಾಗಿ. ಕಟ್ಟಡ ಎದ್ದ ಕೂಡಲೇ ನ್ಯೂರೋಸರ್ಜರಿ ಬರುವುದಿಲ್ಲ. ಎಂಬಿಬಿಎಸ್ ಮುಗಿಸಿದವರು ನ್ಯೂರೋಸರ್ಜನ್ ಆಗಲು ಮತ್ತೆ ಆರು ವರ್ಷ ಬೇಕು. ಒಬ್ಬರನ್ನು ನೇಮಿಸಿದರೂ ಸಾಲದು. ರಾತ್ರಿ ಸ್ಕ್ಯಾನ್ ನಡೆಸುವವರು, ಅರಿವಳಿಕೆಯವರು, ಐಸಿಯು ನರ್ಸ್‌ಗಳು ಇಲ್ಲದಿದ್ದರೆ ಅವರೂ ಸುಮ್ನೆ ರೆಫರ್ ಚೀಟಿ ಬರೆಯಬೇಕಾಗುತ್ತದೆ. ತುರ್ತಾಗಿ ಬೇಕಾದದ್ದು ಇದಕ್ಕಿಂತ ಸಣ್ಣದು: ಹತ್ತಿರದಲ್ಲೇ ಹಗಲು ರಾತ್ರಿ ಸಿಟಿ ಸ್ಕ್ಯಾನ್, ಅದರ ಚಿತ್ರವನ್ನು ಫೋನಿನಲ್ಲಿ ನೋಡಿ ಕಳಿಸಬೇಕೋ ಬೇಡವೋ ಹೇಳುವ ಒಬ್ಬ ಸರ್ಜನ್, ಮತ್ತೆ ಗಡಿಯ ಎರಡೂ ಕಡೆ ನಡೆಯುವ ಒಂದು ಇನ್ಶೂರೆನ್ಸ್ ಕಾರ್ಡ್.