ಎರಡು ಇಂಚು ಎತ್ತರಿಸಿದ ಜಿಮ್ನಿ: ಅಲೈನ್‌ಮೆಂಟ್ ಸರಿಯಿದ್ದರೂ ಗಾಡಿ ಏಕೆ ಅಲೆಯುತ್ತದೆ?

ಪ್ರಶ್ನೆ: ನನ್ನ ಐದು ಬಾಗಿಲಿನ ಮಾರುತಿ ಜಿಮ್ನಿಗೆ ಎರಡು ಇಂಚು ಎತ್ತರಿಸುವ ಸ್ಪ್ರಿಂಗ್‌ಗಳನ್ನು ಹಾಕಿಸಿದ್ದೇನೆ. ಆಮೇಲೆ ಮಾಡಿಸಿದ ವೀಲ್ ಅಲೈನ್‌ಮೆಂಟಿನಲ್ಲಿ ಎಲ್ಲವೂ ಸರಿಯಿದೆ ಎಂದರು. ಆದರೂ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಎತ್ತರಿಸಿದರೆ ಬುಷ್‌ಗಳೂ ಬೇಗ ಹಾಳಾಗುತ್ತವೆಯೇ?

ಉತ್ತರ: ನೀವು ಹೇಳುತ್ತಿರುವ ಎರಡೂ ತೊಂದರೆಗಳ ಮೂಲ ಒಂದೇ. ಗಾಡಿ ಎತ್ತರವಾದೊಡನೆ ಆಕ್ಸಲನ್ನು ಹಿಡಿದಿರುವ ತೋಳುಗಳು ತಮ್ಮ ಮೊದಲಿನ ಕೋನ ಬಿಟ್ಟು ಕೆಳಮುಖವಾಗಿ ನಿಲ್ಲುತ್ತವೆ. ಸ್ಟೀರಿಂಗಿನ ಅಲೆದಾಟವೂ, ತೋಳಿನ ತುದಿಗಳಲ್ಲಿರುವ ರಬ್ಬರ್ ಬುಷ್‌ನ ಸವೆತವೂ ಆ ಕೋನದಿಂದಲೇ ಶುರುವಾಗುತ್ತವೆ.

ಜಿಮ್ನಿಯ ಮುಂದೆಯೂ ಹಿಂದೆಯೂ ಇರುವುದು ಗಟ್ಟಿ ಆಕ್ಸಲ್ (ಎಡ ಬಲ ಚಕ್ರಗಳನ್ನು ಒಂದೇ ತೊಲೆಯಂತೆ ಜೋಡಿಸುವುದು) ಮತ್ತು ಕಾಯಿಲ್ ಸ್ಪ್ರಿಂಗ್. ಮುಂದಿನ ಆಕ್ಸಲಿಗೆ ಎರಡು ಉದ್ದನೆಯ ತೋಳುಗಳಿದ್ದು, ಪ್ರತಿ ತೋಳಿನ ಒಂದು ತುದಿ ಎರಡು ಬುಷ್‌ಗಳ ಮೂಲಕ ಆಕ್ಸಲಿಗೂ, ಇನ್ನೊಂದು ತುದಿ ಒಂದು ಬುಷ್‌ನ ಮೂಲಕ ಹಿಂದೆ ಷಾಸಿಗೂ (ಗಾಡಿಯ ಚೌಕಟ್ಟಿಗೂ) ಸೇರಿರುತ್ತದೆ. ಆಕ್ಸಲಿನ ಬಳಿ ಎರಡು ಕಡೆ ಹಿಡಿದಿರುವುದರಿಂದ ತೋಳು ಎಷ್ಟು ಕೆಳಗೆ ವಾಲುತ್ತದೆಯೋ ಆಕ್ಸಲೂ ಅಷ್ಟೇ ಮುಂದಕ್ಕೆ ಉರುಳುತ್ತದೆ. ತೋಳಿನ ಉದ್ದ 80 ಸೆಂ.ಮೀ. ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, 5 ಸೆಂ.ಮೀ. ಎತ್ತರಿಸಿದಾಗ ಆಕ್ಸಲ್ ಸುಮಾರು 3.6 ಡಿಗ್ರಿ ತಿರುಗುತ್ತದೆ. ಹೀಗೆ ಕಳೆದುಹೋಗುವುದು ಕ್ಯಾಸ್ಟರ್ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಲ್ಲದೆ ಹಿಂದಕ್ಕೆ ಒರಗಿರುತ್ತದಲ್ಲ, ಕಾರಿನಲ್ಲಿ ಕ್ಯಾಸ್ಟರ್ ಎಂದರೆ ಅದೇ ಒರಗು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಬಹುಮಟ್ಟಿಗೆ ಅದರಿಂದಲೇ. ಹಾಗಾಗಿ ಅದು ಕಡಿಮೆಯಾದಾಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಏನೂ ತಿಳಿಯದಿದ್ದರೂ, 90ರಲ್ಲಿ ಚಾಲಕ ಸದಾ ಸಣ್ಣ ಸಣ್ಣ ತಿದ್ದುಪಡಿ ಮಾಡುತ್ತಲೇ ಇರಬೇಕಾಗುತ್ತದೆ.

ಹಾಗಾದರೆ ಅಲೈನ್‌ಮೆಂಟ್ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮತ್ತು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಆಕ್ಸಲಿಗೇ ಸೇರಿದ ಅಳತೆಗಳು. ಎತ್ತರಿಸಿದ ಮಾತ್ರಕ್ಕೆ ಅವು ಹೆಚ್ಚೇನೂ ಬದಲಾಗುವುದಿಲ್ಲ. ಗ್ಯಾರೇಜಿನವರು ತಿದ್ದಲು ಸಾಧ್ಯವಿರುವುದು ಟೋ ಮಾತ್ರ, ಅದು ಸರಿಯಿತ್ತು, ಆದ್ದರಿಂದ ಕೆಲಸ ಮುಗಿಯಿತು ಎಂದರು. ಕ್ಯಾಸ್ಟರನ್ನು ಅಳೆಯಲು ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಬೇಕು, ಮತ್ತು ಅವಸರದ ಗ್ಯಾರೇಜಿನಲ್ಲಿ ಆ ಹಂತವನ್ನು ಬಿಟ್ಟುಬಿಡುವುದುಂಟು. ಎತ್ತರಿಸುವ ಮುನ್ನ ಒಂದು ಮತ್ತು ಎತ್ತರಿಸಿದ ಮೇಲೆ ಒಂದು, ಹೀಗೆ ಎರಡು ಮುದ್ರಿತ ವರದಿಗಳಿದ್ದರೆ ಈ ವಿಷಯದಲ್ಲಿ ವಾದಕ್ಕೇ ಎಡೆಯಿರುವುದಿಲ್ಲ.

ಇನ್ನೊಂದು ಬದಲಾವಣೆ ಅಡ್ಡಕ್ಕೆ ಆಗುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಲ್ಯಾಟರಲ್ ರಾಡ್ ಕೆಳಕ್ಕೆ ವಾಲಿದಷ್ಟೂ ಆಕ್ಸಲನ್ನು ಷಾಸಿಯ ಕಡೆಯ ಕೀಲಿನತ್ತ ಎಳೆಯುತ್ತದೆ. 90 ಸೆಂ.ಮೀ. ಉದ್ದದ ರಾಡ್ ಮೊದಲು ಸಮತಲವಾಗಿದ್ದರೆ 5 ಸೆಂ.ಮೀ. ಎತ್ತರಕ್ಕೆ ಆಕ್ಸಲ್ ಸರಿಯುವುದು ಒಂದೂವರೆ ಮಿ.ಮೀ.ಗಿಂತ ಕಡಿಮೆ, ಅದೇ ರಾಡ್ ಆಗಲೇ 10 ಸೆಂ.ಮೀ. ಇಳಿಜಾರಾಗಿದ್ದರೆ ಸುಮಾರು 7 ಮಿ.ಮೀ. ಉದ್ದ ಬದಲಿಸಬಹುದಾದ ರಾಡ್ ಹಾಕಿ ಆಕ್ಸಲನ್ನು ಮಧ್ಯಕ್ಕೆ ತರಬಹುದು, ಆದರೆ ಆಗ ಸ್ಟೀರಿಂಗ್ ಚಕ್ರವನ್ನೂ ಮತ್ತೆ ನೇರ ಮಾಡಿಸಬೇಕಾಗುತ್ತದೆ.

ಈಗ ಬುಷ್‌ಗಳ ವಿಷಯ. ಸಾಮಾನ್ಯ ಬುಷ್ ಎಂದರೆ ಎರಡು ಉಕ್ಕಿನ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಕೊಳವೆ ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ತೋಳು ಏರಿಳಿದಾಗ ಅದು ಕೀಲಿನಂತೆ ಜಾರದೆ ರಬ್ಬರನ್ನೇ ತಿರುಚುತ್ತದೆ. ಅಂದರೆ ಬೋಲ್ಟ್ ಬಿಗಿದ ಕ್ಷಣದಲ್ಲಿ ತೋಳು ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಕೋನ. ಹಳೆಯ ಬೋಲ್ಟನ್ನು ಮುಟ್ಟದೆ ಸ್ಪ್ರಿಂಗ್ ಮಾತ್ರ ಬದಲಿಸಿದರೆ, ಷಾಸಿಯ ಕಡೆಯ ಬುಷ್ ಗಾಡಿ ಮನೆ ಮುಂದೆ ನಿಂತಿರುವಾಗಲೂ ತಿರುಚಿಕೊಂಡೇ ಇರುತ್ತದೆ. ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ, ಚಕ್ರಗಳು ಜೋತಾಡುತ್ತಿರುವಾಗಲೇ ಬಿಗಿದರೆ ಅದೂ ತಪ್ಪು, ಏಕೆಂದರೆ ನೆಲಕ್ಕಿಳಿದೊಡನೆ ರಬ್ಬರ್ ಎದುರು ದಿಕ್ಕಿಗೆ ತಿರುಚುತ್ತದೆ. ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯನ್ನು ಅದರ ಪೂರ್ತಿ ಭಾರದೊಂದಿಗೆ ನೆಲದ ಮೇಲೆ ನಿಲ್ಲಿಸಿ, ಆಮೇಲೆ ನಿಗದಿತ ಟಾರ್ಕಿಗೆ ಬಿಗಿಯಬೇಕು. ಅರ್ಧ ಗಂಟೆಯ ಈ ಕೆಲಸಕ್ಕೆ ಬಿಡಿಭಾಗದ ಖರ್ಚೇ ಇಲ್ಲ, ಆದರೂ ಇಡೀ ಪ್ರಕ್ರಿಯೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ ಎಂಬುದು ನನ್ನ ಅನುಭವ.

ಕ್ಯಾಸ್ಟರನ್ನು ಮರಳಿ ಪಡೆಯಲು ನಡುತೂತು ಒಂದು ಬದಿಗೆ ಸರಿದಿರುವ ಬುಷ್‌ಗಳು ಸಿಗುತ್ತವೆ. ಅಗ್ಗದ ಪರಿಹಾರ ಹೌದು, ಆದರೆ ತೂತು ಸರಿದ ಕಡೆ ರಬ್ಬರ್ ತೆಳ್ಳಗಾಗುತ್ತದೆ, ಮತ್ತು ಕಲ್ಲುಬಂಡೆಗಳ ದಾರಿಯಲ್ಲಿ ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಹೊಡೆತ ತಿನ್ನುವುದು ಆ ತೆಳು ಭಾಗವೇ. ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ ಎಂದು ಹಲವರು ಹಾಕಿಸುತ್ತಾರೆ. ಅದು ಗಡುಸಾಗಿರುವುದರಿಂದ ಆಕ್ಸಲಿನ ಹೊರಳಾಟವನ್ನು ತಡೆದು ಆ ಬಲವನ್ನು ಬ್ರ್ಯಾಕೆಟ್ಟಿಗೆ ದಾಟಿಸುತ್ತದೆ. ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಹಣವಿದ್ದರೆ ನಾನು ಆರಿಸುವುದು ಕೋನ ತಿದ್ದಿ ತಯಾರಿಸಿದ ಹೊಸ ತೋಳುಗಳನ್ನು, ಅದೂ ಪೂರ್ಣ ಗಾತ್ರದ ರಬ್ಬರ್ ಬುಷ್‌ಗಳೊಂದಿಗೆ. ಯಾವ ದಾರಿ ಹಿಡಿದರೂ ಕ್ಯಾಸ್ಟರ್ ಹೆಚ್ಚಿಸಿದಂತೆಲ್ಲ ಆಕ್ಸಲಿನಲ್ಲಿರುವ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಮೂಗು ಕೆಳಗೆ ಬಾಗಿ ಅದಕ್ಕೆ ಎಂಜಿನ್ನಿನ ಶಕ್ತಿ ತರುವ ಮುಂದಿನ ಪ್ರೊಪೆಲ್ಲರ್ ಷಾಫ್ಟಿನ ಕೋನ ಕಠಿಣವಾಗುವುದರಿಂದ, ಕಳೆದದ್ದನ್ನೆಲ್ಲ ಪೂರ್ತಿ ಮರಳಿಸಲು ಹೊರಡದೆ ಸ್ಟೀರಿಂಗ್ ನೆಮ್ಮದಿಯಾಗುವಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು.

2020ರ ಮಹೀಂದ್ರಾ ಥಾರ್‌ನವರಿಗೆ ಈ ಉತ್ತರ ಹಾಗೆಯೇ ಹೊಂದುವುದಿಲ್ಲ. ಅದರ ಮುಂದೆ ಗಟ್ಟಿ ಆಕ್ಸಲಿನ ಬದಲು ಪ್ರತಿ ಚಕ್ರವನ್ನು ಬೇರೆಯಾಗಿ ಹಿಡಿಯುವ ಡಬಲ್ ವಿಷ್‌ಬೋನ್ ಇರುವುದರಿಂದ ಎತ್ತರಿಸಿದಾಗ ಕ್ಯಾಂಬರ್ ಮತ್ತು ಟೋ ಎರಡೂ ಬದಲಾಗಿ, ಮೊದಲು ಟೈರಿನ ಅಂಚು ಸವೆಯುತ್ತದೆ. ಇನ್ನು, ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡುಗಳ ವಿಷಯದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಹಣ ಕೊಡುವ ಮೊದಲೇ ಓದಿಕೊಳ್ಳಿ.

ನಿಮ್ಮ ಗಾಡಿಯ ಪರೀಕ್ಷೆಗೆ ಇಬ್ಬರು ಸಾಕು. ಎಂಜಿನ್ ಚಾಲೂ ಇಟ್ಟು, ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲುಗಿಸಲಿ. ಇನ್ನೊಬ್ಬರು ಲ್ಯಾಟರಲ್ ರಾಡಿನ ಎರಡೂ ತುದಿಗಳನ್ನು ದೂರದಿಂದಲೇ ಟಾರ್ಚ್ ಹಿಡಿದು ನೋಡಲಿ. ರಾಡ್ ಕದಲುವ ಮುನ್ನ ಬೋಲ್ಟ್ ಕದಲಿದರೆ, ಅಥವಾ ಒಳಕೊಳವೆಯ ಸುತ್ತ ರಬ್ಬರ್ ಬಿರಿದು ಸೀಳು ಕಂಡರೆ, ಕ್ಯಾಸ್ಟರಿಗೆ ಕೈಹಾಕುವ ಮೊದಲು ಆ ಬುಷ್ ಬದಲಿಸಿ.