ಗಿನಿಪಿಗ್ ಬೆಳಗ್ಗೆಯಿಂದ ತಿಂದಿಲ್ಲ, ನಾಳೆವರೆಗೆ ನೋಡಬಹುದಾ?

ಪ್ರಶ್ನೆ: ನಮ್ಮ ಗಿನಿಪಿಗ್ ಬೆಳಗ್ಗೆಯಿಂದ ಮೂಲೆ ಹಿಡಿದು ಕೂತಿದೆ. ಕೊತ್ತಂಬರಿ ಸೊಪ್ಪು ಇಟ್ಟರೂ ಮೂಸಿ ಬಿಟ್ಟಿತು. ಹೊಟ್ಟೆ ಕೆಟ್ಟಿರಬೇಕು, ಒಂದು ದಿನ ಖಾಲಿ ಹೊಟ್ಟೆಯಲ್ಲಿ ಬಿಟ್ಟರೆ ಸರಿಹೋಗುತ್ತೆ ಅಂತಾರೆ ಅತ್ತೆ. ನಾಳೆವರೆಗೆ ನೋಡಬಹುದಾ?

ಉತ್ತರ: ಬೇಡ. ಇವತ್ತೇ ವೈದ್ಯರ ಹತ್ತಿರ ಹೋಗಿ. ಕೇಳುವವರ ಹೆಸರು ಬದಲಾಗುತ್ತೆ, ಪ್ರಶ್ನೆ ಮಾತ್ರ ಇದೇ. ಹಾಗಾಗಿ ಈ ಸಲ ಉಪವಾಸದ ಕಥೆಯನ್ನು ಪೂರ್ತಿ ಮುಗಿಸಿಬಿಡೋಣ.

'ಲಂಘನಂ ಪರಮೌಷಧಂ' ಅನ್ನೋದು ಮನುಷ್ಯರಿಗೆ ಹೇಳಿದ ಮಾತು. ಅಜೀರ್ಣ ಆದರೆ ನಾವು ಒಂದು ಹೊತ್ತು ಊಟ ಬಿಟ್ಟು, ಮಜ್ಜಿಗೆ ಕುಡಿದು ಮಲಗಬಹುದು. ಗಿನಿಪಿಗ್ ಹಗಲು ರಾತ್ರಿ ಎನ್ನದೆ ಸ್ವಲ್ಪ ಸ್ವಲ್ಪ ಮೇಯುವ ಪ್ರಾಣಿ. ಹೊಸ ಹುಲ್ಲು ಒಳಗೆ ಬರುತ್ತಿದ್ದರೇ ಅದರ ಕರುಳು ಸರಿಯಾಗಿ ಓಡೋದು. ಬರೋದು ನಿಂತರೆ ಕರುಳೂ ನಿಧಾನವಾಗುತ್ತೆ, ಗ್ಯಾಸ್ ತುಂಬುತ್ತೆ, ನೋವಾಗುತ್ತೆ. ನೋವಿಗೆ ಅದು ಇನ್ನೂ ತಿನ್ನಲ್ಲ. ವಾಂತಿಯಾದರೂ ಆಗಲಿ ಅಂದರೆ, ಅದಕ್ಕೆ ವಾಂತಿ ಮಾಡೋಕೇ ಬರಲ್ಲ. ಜೊತೆಗೆ ಮೈಯ ಕೊಬ್ಬು ಕರಗಿ ಲಿವರ್‌ಗೆ ಸೇರಲು ಶುರುವಾಗುತ್ತೆ. ದಪ್ಪಗಿರುವ ಗಿನಿಪಿಗ್‌ಗೆ ಈ ಅಪಾಯ ಇನ್ನೂ ಜಾಸ್ತಿ. 12 ಗಂಟೆ ಏನೂ ತಿನ್ನದಿದ್ದರೆ ತುರ್ತು ಅಂತಲೇ ತಿಳಿಯಿರಿ.

ಇನ್ನೊಂದು ಮಾತು. 'ಹೊಟ್ಟೆ ಕೆಟ್ಟಿದೆ' ಅನ್ನೋದೇ ಸುಮ್ನೆ ಊಹೆ. ಗಿನಿಪಿಗ್ ಹಲ್ಲು ಜೀವನಪೂರ್ತಿ ಬೆಳೆಯುತ್ತೆ. ದವಡೆ ಹಲ್ಲು ಓರೆಯಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತಿರಬಹುದು. ಸೊಪ್ಪು ಇಟ್ಟಾಗ ಆಸೆಯಿಂದ ಓಡಿ ಬಂದು, ಎಲೆ ಬಾಯಿಗೆ ಹಾಕಿ, ಎರಡು ಸಲ ಅಗಿದು ಕೆಳಗೆ ಬೀಳಿಸಿದರೆ, ಗದ್ದದ ಕೂದಲು ಒದ್ದೆಯಾಗಿದ್ದರೆ, ಹಲ್ಲನ್ನೇ ಅನುಮಾನಿಸಿ. ಹಲ್ಲು ನೋಯುವವರಿಗೆ ಉಪವಾಸ ಹಾಕೋದು ಎಂಥಾ ಔಷಧಿ, ಅತ್ತೆಯವರನ್ನೇ ಕೇಳಿ!

ಬೇಟೆಯಾಗುವ ಪ್ರಾಣಿ ಆದ್ದರಿಂದ ಇದು ಕಾಯಿಲೆಯನ್ನು ಮುಚ್ಚಿಡುತ್ತೆ. ಮೈ ಉಬ್ಬಿಸಿ ಮುದುರಿ ಕೂರುವ ಹೊತ್ತಿಗೆ ಆಗಲೇ ತಡವಾಗಿರುತ್ತೆ. ಮೊದಲ ಸುಳಿವು ಹಿಕ್ಕೆ: ಸಣ್ಣದಾಗುತ್ತೆ, ಕಮ್ಮಿಯಾಗುತ್ತೆ. ಆಮೇಲೆ ತೂಕ. ಅಡುಗೆಮನೆ ತಕ್ಕಡಿ ಮೇಲೆ ಬಟ್ಟಲಿಟ್ಟು ವಾರಕ್ಕೊಮ್ಮೆ ತೂಗಿ, ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಒಂದೇ ವಾರಕ್ಕೆ 50 ಗ್ರಾಂಗಿಂತ ಜಾಸ್ತಿ ಇಳಿದಿದ್ದರೆ ವೈದ್ಯರಿಗೆ ತೋರಿಸಿ. ಉಸಿರಾಡುವಾಗ ಸದ್ದು, ಮೂಗಲ್ಲಿ ಸಿಂಬಳ, ಮೂತ್ರದಲ್ಲಿ ರಕ್ತ ಕಂಡರೆ ತಕ್ಕಡಿಗೂ ಕಾಯಬೇಡಿ.

ಹೊರಡುವ ಮುಂಚೆ ಫೋನ್ ಮಾಡಿ, ಗಿನಿಪಿಗ್ ಅಥವಾ ಮೊಲ ನೋಡ್ತೀರಾ ಅಂತ ಕೇಳಿ. ಎಷ್ಟೋ ಕ್ಲಿನಿಕ್‌ಗಳಲ್ಲಿ ನಾಯಿ, ಬೆಕ್ಕು ಮಾತ್ರ ನೋಡ್ತಾರೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆಂಟಿಬಯಾಟಿಕ್ ಅಂತೂ ಬಾಯಿಗೆ ಹಾಕಲೇಬೇಡಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು, ಗಿನಿಪಿಗ್‌ನ ಪ್ರಾಣವನ್ನೇ ತೆಗೆಯಬಹುದು. ರಾತ್ರಿ ಯಾರೂ ಸಿಗದಿದ್ದರೆ, ಪೆಲೆಟ್ (ಗಿನಿಪಿಗ್‌ಗೆಂದೇ ಮಾರುವ ಒಣ ಗುಳಿಗೆಯಂಥ ಆಹಾರ) ನೀರಲ್ಲಿ ನೆನೆಸಿ ಗಂಜಿಯಂತೆ ಕಿವುಚಿ, ಸೂಜಿಯಿಲ್ಲದ 1 ಮಿ.ಲೀ. ಸಿರಿಂಜ್‌ನಿಂದ ಬಾಯಿಯ ಪಕ್ಕದಿಂದ ಚೂರು ಚೂರೇ ಕೊಡಿ. ಅಂಗಾತ ಮಲಗಿಸಬೇಡಿ. ಹೊಟ್ಟೆ ಬಿಗಿದು ಉಬ್ಬಿದ್ದರೆ ಮಾತ್ರ ಬಲವಂತ ಬೇಡ, ಎಷ್ಟೇ ದೂರವಾದರೂ ವೈದ್ಯರ ಹತ್ತಿರವೇ ಹೋಗಿ.

ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ನಮ್ಮ ಹಾಗೆಯೇ ಗಿನಿಪಿಗ್ ಕೂಡ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳಲ್ಲ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿ.ಗ್ರಾಂ ಬೇಕು. ಕಮ್ಮಿಯಾದರೆ ಕೀಲು ಊದುತ್ತೆ, ಒಸಡಿನಲ್ಲಿ ರಕ್ತ ಬರುತ್ತೆ, ಕುಂಟುತ್ತೆ, ಊಟ ಬಿಡುತ್ತೆ. ನೀರಿಗೆ ಹಾಕುವ ಹನಿಯಿಂದ ಪ್ರಯೋಜನ ಅಷ್ಟಕ್ಕಷ್ಟೇ, ನೀರಲ್ಲಿ ಅದು ಬೇಗ ಹಾಳಾಗುತ್ತೆ. ದಿನಾ ಒಂದು ಚೂರು ದೊಣ್ಣೆಮೆಣಸಿನಕಾಯಿ ಕೊಡಿ. ಪೆಲೆಟ್‌ನಲ್ಲಿರುವ ವಿಟಮಿನ್ ಸಿ ಕೂಡ ತಿಂಗಳುಗಳು ಕಳೆದಂತೆ ಕಮ್ಮಿಯಾಗುತ್ತೆ. ಮೂಟೆಯಿಂದ ತೂಗಿಕೊಡುವ ಪೆಲೆಟ್ ಯಾವಾಗ ತಯಾರಾಗಿದ್ದು ಅಂತ ಗೊತ್ತಾಗಲ್ಲ, ಅಲ್ವಾ? ದಿನಾಂಕ ಇರುವ ಪ್ಯಾಕೆಟ್ಟನ್ನೇ ತಗೊಳ್ಳಿ.